ಶೈನ್-ಡಾಲ್ಗಾರ್ನೊ ಇಲ್ಲದೆ ಮೈಟೊಕಾಂಡ್ರಿಯಾ ಸರಿಯಾದ ಸ್ಟಾರ್ಟ್ ಕೋಡಾನ್ ಹಿಡಿಯುವುದು ಹೇಗೆ?

ಕೊಣಾಜೆ_ಎಂಎಸ್ಸಿ:
ಮನುಷ್ಯನ ಮೈಟೊಕಾಂಡ್ರಿಯಾದ ಎಂಆರ್‌ಎನ್‌ಎಗೆ ಕ್ಯಾಪ್ (ತುದಿಯ ರಾಸಾಯನಿಕ ಟೊಪ್ಪಿ) ಇಲ್ಲ, ಶೈನ್-ಡಾಲ್ಗಾರ್ನೊ (ಬ್ಯಾಕ್ಟೀರಿಯಾದಲ್ಲಿ ರೈಬೋಸೋಮನ್ನು ಸ್ಟಾರ್ಟ್ ಕೋಡಾನ್, ಅಂದರೆ ಪ್ರೋಟೀನ್ ಶುರುವಾಗುವ ಮೂರು ಬೇಸ್, ಹತ್ತಿರ ಕೂರಿಸುವ ಗುರುತು) ಇಲ್ಲ. ಬ್ಯಾಕ್ಟೀರಿಯಾದಲ್ಲಿರುವ ಇನಿಷಿಯೇಷನ್ ಫ್ಯಾಕ್ಟರ್ (ಶುರುಮಾಡಿಸುವ ಪ್ರೋಟೀನ್) ಐಎಫ್-1 ಕೂಡ ಇಲ್ಲ, ಮೆಥಿಯೊನಿನ್ನಿಗೆ ಶುರುವಿಗೂ ಮಧ್ಯಕ್ಕೂ ಟಿಆರ್‌ಎನ್‌ಎ ಒಂದೇ. ತಪ್ಪು ಜಾಗದಲ್ಲಿ ಶುರುವಾಗದಂತೆ ತಡೆಯುವುದು ಯಾವುದು? ಮೈಟೊಕಾಂಡ್ರಿಯಾದ ಐಎಫ್-3 (ಎಂಟಿಐಎಫ್-3) ತೆಗೆದ ಕೋಶಗಳಲ್ಲಿ ಇದನ್ನು ನೋಡುವುದು ಹೇಗೆ?

ಮಣ್ಣಪಳ್ಳ:
ಮೊದಲ ಗುರುತು ಫಾರ್ಮೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು. ಮೆಥಿಯೊನಿನ್ ಹೊತ್ತ ಟಿಆರ್‌ಎನ್‌ಎಗಳಲ್ಲಿ ಒಂದು ಪಾಲಿಗೆ ಎಂಟಿಎಫ್‌ಎಂಟಿ ಕಿಣ್ವ ಅದನ್ನು ಸೇರಿಸುತ್ತದೆ. ಆ ಪಾಲನ್ನು ಎಂಟಿಐಎಫ್-2 ಹಿಡಿಯುತ್ತದೆ, ಉಳಿದದ್ದು ಪ್ರೋಟೀನ್ ಸರಪಳಿ ಉದ್ದ ಮಾಡುವಾಗ ಬೇಕಾದ ಇಎಫ್-ಟಿಯುಗೆ. ಈ ಕಿಣ್ವದ ಜೀನ್ ಕೆಟ್ಟರೆ ಲೀ ಸಿಂಡ್ರೋಮ್ (ಮಕ್ಕಳ ಮಿದುಳಿನ ಕಾಯಿಲೆ) ಬರುವುದುಂಟು. ಐಎಫ್-1ರ ಕೆಲಸವನ್ನು ಎಂಟಿಐಎಫ್-2 ಒಳಗಿನ 37 ಅಮೈನೊ ಆಮ್ಲಗಳ ಹೆಚ್ಚುವರಿ ತುಂಡು ಮಾಡುತ್ತದೆ, ರೈಬೋಸೋಮಿನಲ್ಲಿ ಮುಂದಿನ ಟಿಆರ್‌ಎನ್‌ಎ ಬಂದು ಕೂರುವ ಎ-ಸೈಟನ್ನು ಮುಚ್ಚಿ. ಎಂಟಿಐಎಫ್-3 ರೈಬೋಸೋಮಿನ ಚಿಕ್ಕ ಭಾಗ 28ಎಸ್ ಮೇಲೆ ಕೂತು ದೊಡ್ಡ ಭಾಗ 39ಎಸ್ ಅವಸರದಲ್ಲಿ ಕೂಡದಂತೆ ನೋಡಿಕೊಳ್ಳುತ್ತದೆ. ಎಂಆರ್‌ಎನ್‌ಎ ಬರುವ ಮೊದಲೇ ಟಿಆರ್‌ಎನ್‌ಎ ಕೂತರೆ ಎಬ್ಬಿಸಿ ಕಳಿಸುತ್ತದೆ.

ನೇತ್ರಾವತಿ_ತೀರ:
ಅದು ಬ್ಯಾಕ್ಟೀರಿಯಾದ ಚಿತ್ರವನ್ನೇ ಇಲ್ಲಿಗೆ ತಂದ ಹಾಗಾಯಿತು ಮಾರಾಯ್ರೆ. ಇಲ್ಲಿನ ಹೆಚ್ಚಿನ ಎಂಆರ್‌ಎನ್‌ಎಗಳಲ್ಲಿ ಸ್ಟಾರ್ಟ್ ಕೋಡಾನ್ 5-ಪ್ರೈಮ್ ತುದಿಯಲ್ಲೇ ಇದೆ, ಅದರ ಹಿಂದೆ 0ರಿಂದ 3 ಬೇಸ್ ಅಷ್ಟೆ. ಕೋಡಾನ್ ಎಯುಜಿಯೇ ಆಗಬೇಕೆಂದಿಲ್ಲ, ಜೀನ್ ನೋಡಿ ಬದಲಾಗುತ್ತದೆ: ಎನ್‌ಡಿ1ಕ್ಕೆ ಎಯುಎ, ಎನ್‌ಡಿ2ಕ್ಕೆ ಎಯುಯು. ಪ್ರಯೋಗನಾಳದಲ್ಲಿ ತುದಿಯಲ್ಲೇ ಕೋಡಾನ್ ಇರುವ ಎಂಆರ್‌ಎನ್‌ಎಗಳು ಎರಡೂ ಭಾಗ ಜೋಡಿಯಾದ 55ಎಸ್‌ಗೇ ನೇರ ಸೇರುತ್ತವೆ, 28ಎಸ್‌ಗೆ ಅಲ್ಲ. ಫಾರ್ಮೈಲ್ ಟಿಆರ್‌ಎನ್‌ಎ ಮಾತ್ರ ಇರಲೇಬೇಕು. ಎಂಟಿಐಎಫ್-3 ಇಲ್ಲದಿದ್ದರೆ ನಿಂತುಹೋಗುವುದು ಎಟಿಪಿ6 ಎಂಬ ಪ್ರೋಟೀನಿನ ತಯಾರಿ. ಅದು ಎಟಿಪಿ8ರ ಜೊತೆ ಒಂದೇ ಎಂಆರ್‌ಎನ್‌ಎಯಲ್ಲಿದೆ, ಎರಡೂ 46 ಬೇಸ್ ಒಂದರ ಮೇಲೊಂದು ಬರುತ್ತವೆ. ಅದರ ಎಯುಜಿ ತುದಿಯಲ್ಲಿಲ್ಲವಲ್ಲ.

ಪಣಂಬೂರು_ಜೆಲ್:
ಹಾಗಾದರೆ ನೋಡಬೇಕಾದ್ದೂ ಎಟಿಪಿ6. ಹೊಸದಾಗಿ ಆಗುವ ಪ್ರೋಟೀನಿಗೆ ವಿಕಿರಣದ ಗುರುತು ಹಾಕಿ ಜೆಲ್ ಮೇಲೆ ನೋಡುವುದು. ಮೆಥಿಯೊನಿನ್ ಇಲ್ಲದ ಮೀಡಿಯಮ್, ಡಯಾಲಿಸಿಸ್ ಮಾಡಿದ ಸೀರಮ್. ಸೈಟೋಪ್ಲಾಸಮ್ಮಿನ ರೈಬೋಸೋಮ್ ನಿಲ್ಲಿಸಲು ಎಮೆಟಿನ್ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಹಾಕಿ 5–10 ನಿಮಿಷ ಬಿಡಿ, ಆಮೇಲೆ ಗಂಧಕ-35 ಮೆಥಿಯೊನಿನ್ ಮಿಲಿಲೀಟರಿಗೆ 200 ಮೈಕ್ರೋಕ್ಯೂರಿ, 30–60 ನಿಮಿಷ (ಪರವಾನಗಿ ಇರುವ ಲ್ಯಾಬಿನಲ್ಲೇ, ಹೇಳಬೇಕಾಗಿಲ್ಲ). ಒಂದು ತಟ್ಟೆಗೆ ಮೈಟೊಕಾಂಡ್ರಿಯಾದ ರೈಬೋಸೋಮ್ ನಿಲ್ಲಿಸುವ ಕ್ಲೋರಾಂಫೆನಿಕಾಲ್ ಕೂಡ ಹಾಕಿ. ಅದರಲ್ಲೂ ಪಟ್ಟಿ ಬಂದರೆ ಸೈಟೋಪ್ಲಾಸಮ್ಮಿನ ರೈಬೋಸೋಮ್ ಪೂರ್ತಿ ನಿಂತಿಲ್ಲ ಎಂದರ್ಥ. ಸ್ಯಾಂಪಲ್ ಕುದಿಸಬೇಡಿ, 37 ಡಿಗ್ರಿ ಸಾಕು. ಕುದಿಸಿದರೆ ಸಿಒ1ನಂಥ ಪೊರೆಯ ಪ್ರೋಟೀನುಗಳು ಗಂಟುಕಟ್ಟಿ ಬಾವಿಯಲ್ಲೇ ಉಳಿಯುತ್ತವೆ. ಇಡೀ ಲೇನಿನ ಮೊತ್ತ ಅಳೆದರೆ ಏನೂ ಗೊತ್ತಾಗದು: ಮೈಟೊಕಾಂಡ್ರಿಯಾ ಮಾಡುವ 13 ಪ್ರೋಟೀನುಗಳಲ್ಲಿ ಒಂದು ಬಿದ್ದರೆ ಮೊತ್ತ ಹೆಚ್ಚು ಕದಲುವುದಿಲ್ಲ. ಎಟಿಪಿ6 ಪಟ್ಟಿ ಸಿಒ3ಕ್ಕೆ ಅಂಟಿಕೊಂಡೇ ಓಡುವುದರಿಂದ ಉದ್ದ ಜೆಲ್ ಹಾಕಿ, ವೆಸ್ಟರ್ನ್ (ಆ್ಯಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವುದು) ಮಾಡಿ ಖಾತ್ರಿ ಮಾಡಿಕೊಳ್ಳಿ.

ಕೊಣಾಜೆ_ಎಂಎಸ್ಸಿ:
ಥ್ಯಾಂಕ್ಸ್ ಸರ್. ಚೇಸ್ (ಗುರುತಿನ ಮೆಥಿಯೊನಿನ್ ತೆಗೆದು, ಆದ ಪ್ರೋಟೀನ್ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವುದು) ಕೂಡ ಮಾಡಬೇಕು. ಎಮೆಟಿನ್ ಬದಲು ಸೈಕ್ಲೋಹೆಕ್ಸಿಮೈಡ್ ಆದೀತಾ?

ಪಣಂಬೂರು_ಜೆಲ್:
ಚೇಸ್ ಇದ್ದರೆ ಸೈಕ್ಲೋಹೆಕ್ಸಿಮೈಡೇ ಬೇಕು, ಅಷ್ಟೇ ಪ್ರಮಾಣ. ಎಮೆಟಿನ್ ತೊಳೆದರೂ ಬಿಡುವುದಿಲ್ಲ. ಹಾಗಾಗಿ ಸೈಟೋಪ್ಲಾಸಮ್ಮಿನಿಂದ ಬರಬೇಕಾದ ಜೊತೆ ಪ್ರೋಟೀನುಗಳು ಬಾರದೆ, ಹೊಸದಾಗಿ ಆದವು ಒಡೆದುಹೋಗುತ್ತವೆ. ಅದನ್ನೇ ಇನಿಷಿಯೇಷನ್ ದೋಷ ಅಂತ ಬರೆದುಬಿಡಬೇಡಿ.