ಮಠದ ಲೈಟ್ ಬಿಲ್ ಇಳಿಸಬೇಕು: ಮೊದಲು ಸೋಲಾರೋ, ಬೇರೆ ಏನರ ಮಾಡಬೇಕೋ?

ಪ್ರಶ್ನೆ: ಹುನಗುಂದ_ಕಡೆಯವ

ಶರಣ್ರೀ ಎಲ್ಲರಿಗೂ. ನಮ್ಮ ಕಡೆಯ ಒಂದು ಮಠದ ಕಮಿಟಿ ಪರವಾಗಿ ಕೇಳುತ್ತಿದ್ದೇನೆ. ಮಠ, ಅದಕ್ಕೆ ಹೊಂದಿಕೊಂಡ 60 ಹುಡುಗರ ಪ್ರಸಾದ ನಿಲಯ, ದಾಸೋಹದ ಮನೆ, ಮೂರಕ್ಕೂ ಒಂದೇ ಮೀಟರ್. ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ ಕೂಡಿಸಿ ನೋಡಿದರೆ ತಿಂಗಳಿಗೆ ಸರಾಸರಿ 2,050 ಯೂನಿಟ್. ಮಂಜೂರಾದ ಲೋಡ್ 17 ಕಿಲೋವ್ಯಾಟ್.

ಇರುವುದು ಇಷ್ಟು: ತಾಮ್ರದ ಚೋಕಿನ 40 ವ್ಯಾಟ್ ಟ್ಯೂಬ್‌ಲೈಟ್ 38, ಹಳೆಯ ಸೀಲಿಂಗ್ ಫ್ಯಾನ್ 26, ಅಂಗಳದ ಕಂಬಗಳ ಮೇಲೆ 400 ವ್ಯಾಟಿನ ಮೆಟಲ್ ಹಾಲೈಡ್ ದೀಪ 4, 2 ಕಿಲೋವ್ಯಾಟಿನ ಗೀಸರ್ 3, ಬೋರಿಗೆ 5 ಎಚ್‌ಪಿ ಸಬ್‌ಮರ್ಸಿಬಲ್. ದಾಸೋಹಕ್ಕೆ ದಿನಾ 150 ಮಂದಿ, ಅಮಾವಾಸ್ಯೆಗೆ 600ರ ಮೇಲೆ. ಅಡಿಗೆ ಗ್ಯಾಸಿನ ಮೇಲೆ. ಗೋಶಾಲೆಯಲ್ಲಿ 8 ಆಕಳು ಇವೆ.

10 ಕಿಲೋವ್ಯಾಟ್ ಸೋಲಾರ್ ಹಾಕಿಸಿಬಿಡೋಣ ಅನ್ನುವುದು ಕಮಿಟಿಯವರ ಮಾತು. ಮಠದ ಅಜ್ಜಾರು (ಸ್ವಾಮಿಗಳು) ಮಾತ್ರ ‘ಭಕ್ತರ ರೊಕ್ಕ ಐತಿ, ವಿಚಾರಿಸಿ ಹಾಕ್ರಿ’ ಅಂದಿದ್ದಾರೆ. ಯಾವುದನ್ನು ಮೊದಲು ಮಾಡಬೇಕು?

ಉತ್ತರ 1: ಮೀಟರ್_ನೋಡಿ_ಮಾತಾಡಿ

ಅಜ್ಜಾರ ಮಾತೇ ಸರಿ ಐತಿ. ಸೋಲಾರ್ ಕೊನೆಗೆ. ಯಾಕೆ ಅನ್ನುವುದು ನೀವು ಕೊಟ್ಟ ಲೆಕ್ಕದಲ್ಲೇ ಇದೆ.

ಅಂಗಳದ ನಾಲ್ಕು ದೀಪಗಳನ್ನೇ ಮೊದಲು ನೋಡಿ. ಚೋಕ್ ಸೇರಿ ಒಂದೊಂದೂ ಸುಮಾರು 430 ವ್ಯಾಟ್ ಎಳೆಯುತ್ತದೆ. ಸಂಜೆ 7ರಿಂದ ಬೆಳಗಿನ 6ರ ತನಕ ಉರಿದರೆ ತಿಂಗಳಿಗೆ 570 ಯೂನಿಟ್ ಹತ್ತಿರ. ಇಡೀ ಬಿಲ್ಲಿನ ಕಾಲು ಭಾಗಕ್ಕಿಂತ ಹೆಚ್ಚು, ಅದೂ ಯಾರೂ ಓಡಾಡದ ಹೊತ್ತಿನಲ್ಲಿ! ಅವುಗಳ ಜಾಗಕ್ಕೆ 100 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಹಾಕಿ, ಎರಡಕ್ಕೆ ಟೈಮರ್ ಕೂಡಿಸಿ ರಾತ್ರಿ 11ಕ್ಕೆ ಆರಿಸಿದರೆ 570 ಹೋಗಿ 100ರ ಒಳಗೆ ಬರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಳಿಸುವ ಕೆಲಸ ಇನ್ನೊಂದಿಲ್ಲ.

ಟ್ಯೂಬ್‌ಲೈಟ್ 40 ವ್ಯಾಟ್ ಅಂತ ಬರೆದಿದ್ದರೂ ಚೋಕ್ ಸೇರಿ 53ರ ಆಸುಪಾಸು. 38 ದೀಪ ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 300 ಯೂನಿಟ್. 20 ವ್ಯಾಟಿನ ಎಲ್‌ಇಡಿ ಟ್ಯೂಬಿಗೆ 115 ಸಾಕು. ಫ್ಯಾನ್ ಒಂದಕ್ಕೆ 75 ವ್ಯಾಟ್ ಹಿಡಿದು ದಿನಕ್ಕೆ 6 ತಾಸು ಅಂದರೆ 26ಕ್ಕೆ 350 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ಮೋಟರಿನ) ಫ್ಯಾನಿಗೆ 140. ಫ್ಯಾನ್ ದುಬಾರಿ, ಒಮ್ಮೆಗೇ 26 ಕೊಳ್ಳಬೇಕಿಲ್ಲ. ಹುಡುಗರ ಕೋಣೆಗಳಲ್ಲಿ ಹೆಚ್ಚು ಹೊತ್ತು ತಿರುಗುವವನ್ನು ಮೊದಲು ಬದಲಿಸಿ. ತಿಂಗಳಿಗೆ ನಾಲ್ಕು ಸಲ ಹಚ್ಚುವ ಸಭಾಭವನದ ಫ್ಯಾನ್ ಹಾಗೇ ಇರಲಿ.

ಗೀಸರ್ ಮೂರೂ ದಿನಕ್ಕೆ ಎರಡು ತಾಸು ನಡೆದರೆ 360, ಪಂಪ್ ಎರಡೂವರೆ ತಾಸಿಗೆ 360. ಕೂಡಿಸಿದರೆ 1,940. ಉಳಿದದ್ದು ಫ್ರಿಜ್, ಗ್ರೈಂಡರ್, ಧ್ವನಿವರ್ಧಕ. ನಗಾರಿ ಯಂತ್ರ ನಿಲ್ಲಿಸಿ ಅನ್ನುವವರು ಇದ್ದೇ ಇರುತ್ತಾರೆ. ಅರ್ಧ ಎಚ್‌ಪಿ ಮೋಟಾರು ಎರಡು ಹೊತ್ತು ಹತ್ತತ್ತು ನಿಮಿಷ ತಿರುಗಿದರೆ ತಿಂಗಳಿಗೆ 5 ಯೂನಿಟ್. ಅದನ್ನು ಮುಟ್ಟಬೇಡಿ.

ಉತ್ತರ 2: ವಿಜಯಪುರ_ವೈರಿಂಗ್

ಮೇಲಿನವರ ಲೆಕ್ಕ ಒಪ್ಪುತ್ತೇನೆ. ಆದರೆ ಎಲ್‌ಇಡಿ ಹಾಕಿ ಆರು ತಿಂಗಳಿಗೇ ‘ಸುಟ್ಟು ಹೋದವು’ ಅಂತ ಬೈಯುವುದು ನಮ್ಮ ಕಡೆ ಬಹಳ. ಹೆಚ್ಚಿನ ಸಲ ತಪ್ಪು ದೀಪದ್ದಲ್ಲ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ವೈರಿನದು. ಮೂರು ಫೇಸಿನ ಕಟ್ಟಡದಲ್ಲಿ ನ್ಯೂಟ್ರಲ್ ಕೂಡಿಕೆ ಸಡಿಲಾದರೆ ಲೋಡ್ ಕಡಿಮೆ ಇರುವ ಫೇಸಿಗೆ 300 ವೋಲ್ಟ್ ದಾಟಬಹುದು. ಮೊದಲ ಪೆಟ್ಟು ಎಲ್‌ಇಡಿ ಡ್ರೈವರಿಗೆ, ಆಮೇಲೆ ಬಿಎಲ್‌ಡಿಸಿ ಫ್ಯಾನಿನ ಬೋರ್ಡಿಗೆ. ಹೊಸ ದೀಪ ತರುವ ಮೊದಲು ಮೇನ್ ಬೋರ್ಡ್ ಬಿಚ್ಚಿಸಿ ನೋಡಿ. ನ್ಯೂಟ್ರಲ್ ಲಿಂಕಿನ ತಿರುಪಿನ ಸುತ್ತ ವೈರಿನ ಪ್ಲಾಸ್ಟಿಕ್ ಕಂದಾಗಿ ಗರಿಗರಿ ಆಗಿದ್ದರೆ ಅಲ್ಲಿ ಬಿಸಿಯಾಗುತ್ತಿದೆ ಅಂತಲೇ ಅರ್ಥ. ವೈರ್ ಕತ್ತರಿಸಿ, ತುದಿಗೆ ಹೊಸ ಲಗ್ (ಲೋಹದ ಟೋಪಿ) ಒತ್ತಿ ಬಿಗಿಸಬೇಕು. ಜೊತೆಗೆ ಅಲ್ಲೇ ಒಂದು ಸರ್ಜ್ (ಕ್ಷಣಮಾತ್ರದ ವೋಲ್ಟೇಜ್ ಏರಿಕೆ) ತಡೆಯುವ ಸಾಧನ ಕೂಡಿಸಿ.

ಹಳೆಯ ಟ್ಯೂಬ್‌ಲೈಟಿನ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಹಾಕಿದರೆ ಚೋಕ್, ಸ್ಟಾರ್ಟರ್ ಎರಡನ್ನೂ ತೆಗೆದು ನೇರ ವೈರ್ ಕೊಡಿಸಿ. ಚೋಕ್ ಅಲ್ಲೇ ಬಿಟ್ಟರೆ ಅದು ತಿನ್ನುವುದನ್ನು ತಿನ್ನುತ್ತಲೇ ಇರುತ್ತದೆ, ದೀಪವೂ ಮಿಣುಕುತ್ತದೆ. ಬಿಎಲ್‌ಡಿಸಿ ಫ್ಯಾನನ್ನು ಹಳೆಯ ರೆಗ್ಯುಲೇಟರ್ ಮೂಲಕ ನಡೆಸಬಾರದು, ಅದನ್ನು ತೆಗೆದು ನೇರ ಕೊಡಬೇಕು. ಪ್ರಸಾದ ನಿಲಯಕ್ಕೆ ರಿಮೋಟ್ ಫ್ಯಾನ್ ಬೇಡವೇ ಬೇಡ, 60 ಹುಡುಗರ ನಡುವೆ ರಿಮೋಟ್ ಉಳಿಯುವುದಿಲ್ಲ. ಗೋಡೆಯ ಮೇಲಿಂದಲೇ ವೇಗ ಬದಲಿಸುವ ಮಾದರಿ ಕೇಳಿ ತನ್ನಿ.

ಗರ್ಭಗುಡಿಗೆ, ಗದ್ದುಗೆಗೆ ಬಿಳಿ ಬೆಳಕಿನ ಎಲ್‌ಇಡಿ ಹಾಕಿದರೆ ಭಕ್ತರು ಬೇಜಾರಾಗುವುದು ಸಹಜ. ಡಬ್ಬಿಯ ಮೇಲೆ 2700 ಕೆ ಅಂತ ಇರುವುದನ್ನು ತನ್ನಿ, ಹಳೆಯ ಬಲ್ಬಿನ ಬಣ್ಣವೇ ಬರುತ್ತದೆ. ನಂದಾದೀಪಕ್ಕೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಬಾದಾಮಿ, ಐಹೊಳೆ ಕಡೆಯ ಹಳೆಯ ಕಲ್ಲಿನ ಗುಡಿಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡವೂ ನಿಷಿದ್ಧ. ಇಲಾಖೆಯನ್ನು ಕೇಳದೆ ಸೋಲಾರಿನ ಸ್ಟ್ಯಾಂಡಿಗೆ ಕೈ ಹಾಕಬೇಡಿ.

ಉತ್ತರ 3: ಬೋರ್_ಮೋಟರ್

ಪಂಪಿನ 360 ಯೂನಿಟ್ ಇರಬೇಕಾದ್ದೋ ಅಲ್ಲವೋ, ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಉಳಿದ ಎಲ್ಲಾ ಸ್ವಿಚ್ ಆರಿಸಿ, ಮೀಟರ್ ರೀಡಿಂಗ್ ಬರೆದುಕೊಂಡು, ಖಾಲಿ 5,000 ಲೀಟರ್ ಟಾಕಿ ತುಂಬಿಸಿ ಮತ್ತೆ ರೀಡಿಂಗ್ ತಗೊಳ್ಳಿ. ಪೈಪಿನ ತಿಕ್ಕಾಟವನ್ನೂ ಸೇರಿಸಿ ನೀರು ಒಟ್ಟು 260 ಅಡಿ ಏರುತ್ತಿದ್ದರೆ, ಚಲೋ ಪಂಪಿಗೆ ಇದಕ್ಕೆ 3 ಯೂನಿಟ್ ಒಳಗೆ ಸಾಕು, ಸಮಯ 35ರಿಂದ 40 ನಿಮಿಷ. 5 ಯೂನಿಟ್ ದಾಟಿದರೆ ಎಲ್ಲೋ ನೀರು ವಾಪಸ್ ಬೀಳುತ್ತಿದೆ, ಇಲ್ಲವೇ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿದೆ. ಮೋಟರ್ ಆರಿಸಿದ ಮೇಲೆ ಬೋರಿನ ಬಾಯಿಗೆ ಕಿವಿ ಇಡಿ. ಒಳಗೆ ನೀರು ಸುರಿಯುವ ಸಪ್ಪಳ ಬಹಳ ಹೊತ್ತು ಕೇಳಿದರೆ ಪೈಪಿನ ಕಪ್ಲಿಂಗ್ (ಜೋಡಣೆ) ಒಡೆದಿದೆ ಅಥವಾ ನೀರು ವಾಪಸ್ ಬೀಳದಂತೆ ತಡೆಯುವ ಚೆಕ್ ವಾಲ್ವ್ ಹಿಡಿಯುತ್ತಿಲ್ಲ.

ಟಾಕಿ ತುಂಬಿ ಹೊರಗೆ ಹರಿಯುವುದೂ ಕರೆಂಟೇ. ಟಾಕಿ ತುಂಬಿದಾಗ ತಾನೇ ಆರಿಸುವ ಫ್ಲೋಟ್ ಸ್ವಿಚ್ಚನ್ನು ಮೋಟರ್ ಸ್ಟಾರ್ಟರಿನ ಕಾಯಿಲ್ ಸರ್ಕ್ಯೂಟಿಗೆ ಕೂಡಿಸಿ, ನೇರ ಮೋಟರ್ ಲೈನಿಗೆ ಬೇಡ. ಅದರ ಸಣ್ಣ ಸ್ವಿಚ್ ಮೋಟರಿನ ಆಂಪಿಯರ್ ತಾಳದೆ ಅಂಟಿಕೊಳ್ಳುತ್ತದೆ.

ಹುನಗುಂದ_ಕಡೆಯವ: ಬಹಳ ಉಪಕಾರ್ರೀ. ಗೀಸರಿನ ಬದಲು ಸೋಲಾರ್ ನೀರು ಕಾಯಿಸುವುದು ಹಾಕಿದರೆ ನಡೆಯುತ್ತದೆಯೇ? ನಮ್ಮ ಬೋರಿನ ನೀರು ಬಹಳ ಗಡಸು, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ. ಅಡಿಗೆ ಗ್ಯಾಸ್ ಉಳಿಸುವ ದಾರಿಯೂ ಇದ್ದರೆ ಹೇಳಿ.

ಉತ್ತರ 4: ಬೆಳಗಾವಿ_ಬಿಸಿನೀರು

ನಡೆಯುತ್ತದೆ, ಆದರೆ ನೀರು ನೇರ ಗಾಜಿನ ಕೊಳವೆಗೆ ಹೋಗುವ ಮಾದರಿ ನಿಮಗೆ ಬೇಡ. ಆ ಬಿಳಿ ಪದರ ಕೊಳವೆಯ ತಳದಲ್ಲಿ ಕೂತು ನೀರು ಕಾಯುವುದೇ ನಿಲ್ಲುತ್ತದೆ. ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ತಗೊಳ್ಳಿ. ಅದರಲ್ಲಿ ಫಲಕದೊಳಗೆ ಸುತ್ತುವ ನೀರು ಬೇರೆ, ಸ್ನಾನದ ನೀರು ಬೇರೆ. 500 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 14.5 ಯೂನಿಟ್ ಬೇಕು. ನಿಮ್ಮ ಗೀಸರ್ ದಿನಕ್ಕೆ 12 ತಿನ್ನುತ್ತಿವೆ, ಹಾಗಾಗಿ 500 ಲೀಟರಿನದು ಸರಿಹೋಗುತ್ತದೆ. ಮೋಡದ ದಿನಕ್ಕೆ ಒಂದು ಗೀಸರ್ ಇಟ್ಟುಕೊಳ್ಳಿ.

ತಣ್ಣೀರಿನ ಟಾಕಿಯ ತಳ ಸೋಲಾರ್ ಟಾಕಿಯ ತಲೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಸೋಲಾರ್ ಟಾಕಿ ಪೂರ್ತಿ ತುಂಬುವುದಿಲ್ಲ. ಸ್ನಾನದ ಮನೆಯ ನೆತ್ತಿಯ ಮೇಲೇ ಅದನ್ನು ಕೂಡಿಸಿ. 1 ಇಂಚಿನ ಪೈಪ್ 30 ಮೀಟರ್ ಇದ್ದರೆ ಅದರಲ್ಲಿ 15 ಲೀಟರ್ ನೀರು ನಿಂತಿರುತ್ತದೆ. ಬಿಸಿನೀರು ಬರುವ ತನಕ ಹುಡುಗರು ಅಷ್ಟನ್ನೂ ಚೆಲ್ಲುತ್ತಾರೆ.

ಉತ್ತರ 5: ದಾಸೋಹದ_ಒಲೆ

ಮೊದಲು ಕೊಪ್ಪರಿಗೆಯ ತಳ ನೋಡಿ. ಕೈ ಆಡಿಸಿದರೆ ಮಸಿ ಬಂತೆಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಜೆಟ್ ಬಿಚ್ಚಿ ತೊಳೆದು, ಗಾಳಿಯ ಕಿಂಡಿಯನ್ನು ಹಳದಿ ಉರಿ ನೀಲಿ ಆಗುವ ತನಕ ತೆರೆಯಿರಿ. ತೊಗರಿಬೇಳೆ ಒಂದು ತಾಸು, ಹುಗ್ಗಿಯ ಗೋಧಿ ರಾತ್ರಿಯಿಡೀ ನೆನೆಯಲಿ. ಕುದಿ ಬಂದ ಕೂಡಲೇ ಉರಿ ಸಣ್ಣಗೆ ಮಾಡಿ ಮುಚ್ಚಬೇಕು. ದೊಡ್ಡ ಉರಿಯಲ್ಲಿ ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಕಾಳು ಬೇಗ ಬೇಯುವುದಿಲ್ಲ.

8 ಆಕಳಿಗೆ ದಿನಕ್ಕೆ 80 ಕಿಲೋ ಸಗಣಿ ಹಿಡಿಯೋಣ. 25 ಕಿಲೋಗೆ ಒಂದು ಘನ ಮೀಟರ್ ಗೋಬರ್ ಗ್ಯಾಸ್ ಲೆಕ್ಕದಲ್ಲಿ 3 ಘನ ಮೀಟರ್. ಅಂದರೆ ತಿಂಗಳಿಗೆ ಹೆಚ್ಚುಕಡಿಮೆ 40 ಕಿಲೋ ಎಲ್‌ಪಿಜಿ, 19 ಕಿಲೋದ ಎರಡು ಸಿಲಿಂಡರ್. ಗೋಬರ್ ಗ್ಯಾಸ್ ಗುಂಡಿಗೆ ದೀನಬಂಧು ಎಂಬ ಗುಮ್ಮಟದ ಮಾದರಿ ಸಾಕು. ಸಗಣಿ, ನೀರು ಸಮ ಸಮ. ಗೋಶಾಲೆ ತೊಳೆದ ಫಿನಾಯಿಲ್ ನೀರು ಅದರೊಳಗೆ ಹೋಗಬಾರದು, ಗ್ಯಾಸ್ ಹುಟ್ಟಿಸುವ ಜೀವಾಣುಗಳೇ ಸಾಯುತ್ತವೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ, ಬನಶಂಕರಿ ಜಾತ್ರೆಯ ಹೊತ್ತಿಗೆ ಅದನ್ನೇ ನಂಬಿ ಕೂರಬೇಡಿ.

ಉತ್ತರ 6: ಮೀಟರ್_ನೋಡಿ_ಮಾತಾಡಿ

ಈಗ ಸೋಲಾರ್ ಮಾತು. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಅಂತ ಹಿಡಿಯಿರಿ. ಈಗಿನ 2,050 ಯೂನಿಟ್ಟಿಗೆ 17 ಕಿಲೋವ್ಯಾಟ್ ಬೇಕು, ಕಮಿಟಿಯವರ 10 ಕಿಲೋವ್ಯಾಟಿನಿಂದ 1,200 ಮಾತ್ರ. ಮೇಲಿನದೆಲ್ಲಾ ಮಾಡಿದರೆ ಖರ್ಚು 850ಕ್ಕೆ ಇಳಿಯುತ್ತದೆ, ಆಗ 6 ಕಿಲೋವ್ಯಾಟ್ ಹಾಕಿದರೆ 720 ಬರುತ್ತದೆ. ಕೇಂದ್ರ ಸರಕಾರದ ಸೂರ್ಯ ಘರ್ ಯೋಜನೆಯ ಸೋಲಾರ್ ಸಬ್ಸಿಡಿ ವಾಸದ ಮನೆಗಳಿಗೆ, ಮಠಕ್ಕೆ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಲೋಡ್ ಇಳಿದ ಮೇಲೆ ಮಂಜೂರಾತಿಯನ್ನೂ 17ರಿಂದ 10 ಕಿಲೋವ್ಯಾಟಿಗೆ ಇಳಿಸಲು ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಿ. ಬಳಸಿದರೂ ಬಿಟ್ಟರೂ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲೇ ಬರುತ್ತದೆ. ಸೋಲಾರಿನ ಅಳತೆಗಿಂತ ಕೆಳಗೆ ಮಾತ್ರ ಇಳಿಸಬೇಡಿ.

ಶಿಖರ, ಟಾಕಿ, ಬೇವಿನ ಮರದ ನೆರಳು ಎಲ್ಲಿ ಬೀಳುತ್ತದೆ ಅಂತ ಡಿಸೆಂಬರಿನಲ್ಲಿ ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ಮಾಳಿಗೆ ಹತ್ತಿ ಗುರುತು ಹಾಕಿ. ನೆರಳು ಅತಿ ಉದ್ದ ಆಗುವುದು ಆಗಲೇ. ಫಲಕದ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬಿಸಿಲೇರುವ ಮೊದಲು ತೊಳೆಯಿರಿ, ಬೋರಿನ ನೀರಿನಲ್ಲಿ ಅಲ್ಲ, ಹಿಡಿದಿಟ್ಟ ಮಳೆನೀರಿನಲ್ಲಿ. ಗಡಸು ನೀರು ಒಣಗಿದ ಕಲೆ ಆಮೇಲೆ ತಿಕ್ಕಿದರೂ ಹೋಗುವುದಿಲ್ಲ.