ಟ್ಯೂಬಿಂಗನ್: ಹಳೇ ಊರಿನೊಳಗೆ ಮನೆಯೋ, ಫ್ರೆಂಚ್ ಬಡಾವಣೆಯೋ? ರಜಾದಿನಗಳಿಗೆ ಏನಿದೆ?

ನೀಲಿಕೊಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 2026ರ ಸೆಪ್ಟೆಂಬರ್‌ನಿಂದ ಎರಡು ವರ್ಷ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಇರುವುದು ಗಟ್ಟಿಯಾಗಿದೆ. ಗಂಡ, ಹೆಂಡತಿ, ಆರು ವರ್ಷದ ಮಗಳು. ಕೆಲಸ ಮೋರ್ಗನ್‌ಶ್ಟೆಲ್ಲೆ ಕ್ಯಾಂಪಸ್ಸಿನಲ್ಲಿ. ಎರಡು ಮನೆ ಕಣ್ಣಲ್ಲಿವೆ. ಒಂದು ಮಾರುಕಟ್ಟೆ ಚೌಕದ ಹತ್ತಿರ, ಮರದ ಚೌಕಟ್ಟಿನ ಹಳೇ ಕಟ್ಟಡದ ಮೂರನೇ ಮಹಡಿ. ಇನ್ನೊಂದು ಊರಿನ ದಕ್ಷಿಣದ ಫ್ರಾಂಟ್ಸೋಸಿಶಸ್ ಫಿಯರ್ಟಲ್‌ನಲ್ಲಿ, ಅಂದರೆ ಫ್ರೆಂಚ್ ಬಡಾವಣೆಯಲ್ಲಿ. ಬಾಡಿಗೆ ಹೆಚ್ಚುಕಡಿಮೆ ಒಂದೇ. ಕಾರು ಇಟ್ಟುಕೊಳ್ಳುವುದಿಲ್ಲ.

ಯಾವ ಮನೆ ಒಳ್ಳೆಯದು, ಹಳೇದಾದರೆ ಏನು ನೋಡಿಕೊಳ್ಳಬೇಕು? ಮಗುವನ್ನು ಕಟ್ಟಿಕೊಂಡು ಶನಿವಾರ, ಭಾನುವಾರ ಏನು ಮಾಡಬಹುದು? ಅಂಗಡಿ ಮುಚ್ಚಿದ ಭಾನುವಾರ ತೀರಾ ಬೇಸರ ಅಂತ ಕೇಳಿದ್ದೇನೆ, ಹೌದೆ?

ಗೋಡೆಗಡಿಯಾರ:

ಮನೆಯ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ. ಹಳೇ ಕಟ್ಟಡದ ದೊಡ್ಡ ಶತ್ರು ಬೂಷ್ಟು. ಮರದ ಚೌಕಟ್ಟಿನ ಹೊರಗೋಡೆ ತೆಳು, ಚಳಿಗಾಲದಲ್ಲಿ ಅದರ ಮೂಲೆಗಳು ತಣ್ಣಗಿರುತ್ತವೆ. ಅಡುಗೆ, ಸ್ನಾನ, ಒಳಗೇ ಒಣಹಾಕಿದ ಬಟ್ಟೆ, ಮಲಗಿದವರ ಉಸಿರು, ಎಲ್ಲದರ ನೀರಾವಿಯೂ ಹೋಗಿ ಅಲ್ಲೇ ಕೂರುತ್ತದೆ. ಮನೆ ನೋಡಲು ಹೋದಾಗ ಕೋಣೆಯ ನಡುವೆ ನಿಂತು ಬಾಲ್ಕನಿ ನೋಡಬೇಡಿ. ಹೊರಗೋಡೆಗಳು ಕೂಡುವ ಮೂಲೆಗೆ ಹೋಗಿ, ನೆಲದಿಂದ ಮೊಣಕಾಲೆತ್ತರದವರೆಗೆ ಕೈ ಆಡಿಸಿ. ಕಿಟಕಿಯ ಮೇಲಿನ ತೊಲೆಯ ಅಂಚು ನೋಡಿ. ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ.

ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಇಂಧನ ಪ್ರಮಾಣಪತ್ರ ಕಡ್ಡಾಯವಲ್ಲ. ಆದ್ದರಿಂದ ಕಳೆದ ಮೂರು ವರ್ಷದ ಹೀಟಿಂಗ್ ಲೆಕ್ಕ ತೋರಿಸಲು ಹೇಳಿ, ಅದರಷ್ಟು ನಿಜ ಹೇಳುವ ಕಾಗದ ಬೇರೆ ಇಲ್ಲ. ಅಂಥ ಕಟ್ಟಡದಲ್ಲಿ ಕಿಟಕಿ ಬದಲಾಯಿಸಲು ಮಾಲೀಕನಿಗೂ ಅನುಮತಿ ಬೇಕು. ಹಾಗಾಗಿ "ಮುಂದಿನ ವರ್ಷ ಹೊಸ ಕಿಟಕಿ ಹಾಕಿಸುತ್ತೇವೆ" ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಳಗೆ ಸೇರಿದ ಮೇಲೆ ತೇವ ತೋರಿಸುವ ಒಂದು ಮೀಟರ್ ಕೊಳ್ಳಿ, ಹೈಗ್ರೋಮೀಟರ್ ಅಂತ ಸಿಗುತ್ತದೆ. ಚಳಿಗಾಲದಲ್ಲಿ 40ರಿಂದ 60 ಶೇಕಡಾ ಒಳಗಿರಬೇಕು, ತಣ್ಣನೆ ಗೋಡೆಯ ಮನೆಯಲ್ಲಿ 50 ದಾಟದಿದ್ದರೆ ಇನ್ನೂ ಒಳ್ಳೆಯದು. ಎದ್ದ ಕೂಡಲೆ, ಅಡುಗೆ ಆದಮೇಲೆ, ಸ್ನಾನ ಆದಮೇಲೆ, ಮಲಗುವ ಮುಂಚೆ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಕೊರೆಯುವ ಚಳಿಯಲ್ಲಿ 5 ನಿಮಿಷ ಸಾಕು, ವಸಂತದಲ್ಲಿ, ಶರತ್ಕಾಲದಲ್ಲಿ 10–15. ತೆರೆಯುವ ಮುಂಚೆ ಹೀಟರಿನ ತಿರುಪನ್ನು ತಗ್ಗಿಸಿ. ಇಲ್ಲವಾದರೆ ತಣ್ಣನೆ ಗಾಳಿ ತಗುಲಿದ ವಾಲ್ವ್ ಕೋಣೆ ತಣ್ಣಗಾಯಿತು ಅಂದುಕೊಂಡು ಪೂರ್ತಿ ತೆರೆದುಕೊಳ್ಳುತ್ತದೆ, ದುಡ್ಡು ಬೀದಿಗೆ ಹೋಗುತ್ತದೆ. ಮುಚ್ಚಿದ ಮೇಲೆ ಮತ್ತೆ 3ಕ್ಕೆ ತನ್ನಿ, ಅಂದರೆ ಸುಮಾರು 20 ಡಿಗ್ರಿ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಕಿಟಕಿಯನ್ನು ಮೇಲಿನಿಂದ ಓರೆ ಮಾಡಿ ಇಡೀ ದಿನ ಬಿಡುವುದು. ಗಾಳಿ ಸರಿಯಾಗಿ ಬದಲಾಗುವುದಿಲ್ಲ, ಆದರೆ ಕಿಟಕಿ ಸುತ್ತಲಿನ ಗೋಡೆ ದಿನವಿಡೀ ತಣ್ಣಗಾಗುತ್ತದೆ. ಬೂಷ್ಟು ಮೊದಲು ಬರುವುದು ಅಲ್ಲೇ. ಬೀರು, ಮಂಚ ಹೊರಗೋಡೆಗೆ ಒತ್ತಿರಬಾರದು, 5–10 ಸೆಂಟಿಮೀಟರ್ ಬಿಡಿ.

ಕರಾರಿನಲ್ಲಿ ಮೂರು ಕಡೆ ಕಣ್ಣಿಡಿ. ಮುಂಗಡ, ಅಂದರೆ ಕೌಟ್ಸಿಯೋನ್, ಕಾಲ್ಟ್‌ಮೀಟೆಯ ಮೂರು ಪಟ್ಟು ಮೀರುವಂತಿಲ್ಲ. ಹೀಟಿಂಗ್, ನೀರು ಸೇರಿಸದ ಬಾಡಿಗೆ ಅದು. ಮುಂಗಡವನ್ನು ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಎರಡನೆಯದು, ಇಷ್ಟು ವರ್ಷ ಬಿಡುವಂತಿಲ್ಲ ಎಂಬ ಷರತ್ತು ಇದೆಯೇ ನೋಡಿ, ಎರಡು ವರ್ಷಕ್ಕೆ ಬರುವವರಿಗೆ ಅದು ಕುತ್ತು. ಮೂರನೆಯದು, ಮನೆ ಬಿಡಲು ಮೂರು ತಿಂಗಳ ನೋಟಿಸು. ತಿಂಗಳ ಮೂರನೇ ಕೆಲಸದ ದಿನದೊಳಗೆ ಸಹಿ ಹಾಕಿದ ಕಾಗದವೇ ತಲುಪಬೇಕು, ಇಮೇಲ್ ನಡೆಯುವುದಿಲ್ಲ. ಮನೆ ಸೇರಿ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮಾಲೀಕನ ದೃಢೀಕರಣ ಪತ್ರ ಬೇಕು, ಬೀಗದಕೈ ಪಡೆಯುವ ದಿನವೇ ಕೇಳಿ ಇಸಿದುಕೊಳ್ಳಿ.

ಅಷ್ಟಾಗಿಯೂ ಹಳೇ ಊರಿನ ಮನೆ ಬೇಡ ಅನ್ನುವುದಿಲ್ಲ. ಮೂಲೆಗಳು ಒಣಗಿದ್ದು, ಮಲಗುವ ಕೋಣೆ ಹೋಟೆಲುಗಳ ಬೀದಿಗೆ ಮುಖ ಮಾಡದಿದ್ದರೆ ತಗೊಳ್ಳಿ. ಕಿಟಕಿ ತೆರೆದರೆ 15ನೇ ಶತಮಾನದ ಬೀದಿ. ಅದು ದುಡ್ಡು ಕೊಟ್ಟರೂ ಎಲ್ಲೆಲ್ಲೂ ಸಿಗುವಂಥದ್ದಲ್ಲ.

ಎರಡುಚಕ್ರ:

ನಾನಾದರೆ ಫ್ರೆಂಚ್ ಬಡಾವಣೆಯ ಕಡೆ. 1991ರವರೆಗೆ ಫ್ರೆಂಚ್ ಸೇನೆಯ ಬ್ಯಾರಕ್ ಇದ್ದ ಜಾಗ ಅದು. ಮನೆ ಬೇಕಾದವರೇ ಗುಂಪು ಕಟ್ಟಿಕೊಂಡು ಕಟ್ಟಿಸಿದ ಕಟ್ಟಡಗಳು ಬಹಳ. ನೆಲಮಹಡಿಯಲ್ಲಿ ಅಂಗಡಿ, ಕಾರ್ಯಾಗಾರ, ಕಾರುಗಳು ಅಂಚಿನ ಸಾಮೂಹಿಕ ಗ್ಯಾರೇಜಿನಲ್ಲಿ. ಹಾಗಾಗಿ ಅಂಗಳ, ಬೀದಿ ಮಕ್ಕಳ ಪಾಲು. ಆರು ವರ್ಷದ ಮಗುವಿಗೆ ಮೂರನೇ ಮಹಡಿಯ ಚಂದದ ಕಿಟಕಿಗಿಂತ ಇದು ದೊಡ್ಡದು. ಪ್ರಾಥಮಿಕ ಶಾಲೆ ವಿಳಾಸದ ಮೇಲೆ ತೀರ್ಮಾನವಾಗುತ್ತದೆ. ಜೂನ್ 30ಕ್ಕೆ ಆರು ತುಂಬಿದ ಮಗು ಆ ವರ್ಷವೇ ಒಂದನೇ ತರಗತಿಗೆ, ಶಾಲೆ ಶುರುವಾಗುವುದು ಸೆಪ್ಟೆಂಬರ್ ಮಧ್ಯದಲ್ಲಿ. ಆದ್ದರಿಂದ ಮನೆ ಆರಿಸುವ ಮುಂಚೆ ಯಾವ ಶಾಲೆಯ ವ್ಯಾಪ್ತಿ ಅಂತ ವಿಚಾರಿಸಿ.

ಸೈಕಲ್ಲಿಗೆ ಕಣಿವೆಯೆಲ್ಲ ಸಮತಟ್ಟು, ಆದರೆ ಮೋರ್ಗನ್‌ಶ್ಟೆಲ್ಲೆ ಗುಡ್ಡದ ಮೇಲಿದೆ, ನೂರು ಮೀಟರಿನ ಹತ್ತಿರ ಏರು. ಬ್ಯಾಟರಿ ಸೈಕಲ್ ಇಲ್ಲದಿದ್ದರೆ ಹೋಗುವಾಗ ಬಸ್ಸೇ ಸರಿ. ಎಂಟು ವರ್ಷದೊಳಗಿನ ಮಗು ಕಾಲುದಾರಿಯಲ್ಲೇ ಸೈಕಲ್ ಓಡಿಸಬೇಕು, ಪ್ರತ್ಯೇಕವಾಗಿ ಕಟ್ಟಿದ ಸೈಕಲ್ ದಾರಿ ಇದ್ದರೆ ಅದರಲ್ಲೂ ಆಗುತ್ತದೆ. ಜೊತೆಗೆ 16 ದಾಟಿದ ಒಬ್ಬರು ಕಾಲುದಾರಿಯಲ್ಲೇ ಓಡಿಸಬಹುದು. ರಸ್ತೆ ದಾಟುವಾಗ ಇಬ್ಬರೂ ಇಳಿಯಬೇಕು.

ರಜಾದಿನಕ್ಕೆ ಮೊದಲು ಶ್ಯೋನ್‌ಬುಖ್ ಕಾಡು. ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದ ಮೊದಲ ನೇಚರ್ ಪಾರ್ಕ್, 1972ರದು, ಸುಮಾರು 156 ಚದರ ಕಿಲೋಮೀಟರ್. ಊರಿನಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಕಾಡಿನ ಅಂಚಿನಲ್ಲಿ ಬೇಬನ್‌ಹೌಸನ್ ಮಠ. ಅಲ್ಲಿಂದ ಹೊಳೆಯ ಪಕ್ಕ ಒಳಗೆ ಹೋಗುವ ದಾರಿಯಲ್ಲಿ ಏರು ಕಡಿಮೆ, ಮಗು ನಡೆಯುತ್ತದೆ.

ಕಾಡಿಗೆ ಕಾಲಿಡುವ ಮುಂಚೆ ಉಣ್ಣಿಯ ವಿಚಾರ ಗೊತ್ತಿರಲಿ. ಉಣ್ಣಿ ಕಡಿತದಿಂದ ಮಿದುಳಿನ ಉರಿಯೂತ ತರುವ ಎಫ್‌ಎಸ್‌ಎಂಇ ವೈರಸ್ ಹರಡುವ ಪ್ರದೇಶ ಇದು. ಲಸಿಕೆಯ ಎರಡನೇ ಡೋಸ್ ಒಂದರಿಂದ ಮೂರು ತಿಂಗಳಿಗೆ, ಮೂರನೆಯದು ಲಸಿಕೆಯ ಬ್ರಾಂಡ್ ನೋಡಿಕೊಂಡು 5ರಿಂದ 12 ತಿಂಗಳಿಗೆ. ಡಿಸೆಂಬರ್–ಜನವರಿಯಲ್ಲಿ ಶುರು ಮಾಡಿದರೆ ವಸಂತಕ್ಕೆ ಎರಡು ಡೋಸ್ ಆಗಿರುತ್ತದೆ. ಉಣ್ಣಿಯಿಂದಲೇ ಬರುವ ಬೊರೆಲಿಯೋಸಿಸ್ ಎಂಬ ಇನ್ನೊಂದು ಕಾಯಿಲೆಗೆ ಈ ಲಸಿಕೆ ಕೆಲಸ ಮಾಡುವುದಿಲ್ಲ. ಅದಕ್ಕೇ ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲಿನ ಅಂಚು ನೋಡಿ. ಕಚ್ಚಿದ್ದರೆ ಚೂಪು ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ, ನಿಧಾನ ಎಳೆಯಿರಿ. ಎಣ್ಣೆ ಹಚ್ಚಬೇಡಿ, ಉಣ್ಣಿ ಒಳಗಿನದನ್ನು ಕಾರಿದರೆ ಸೋಂಕು ಹೆಚ್ಚು.

ಮಳೆ ಬಂದರೆ ಹೊಹೆನ್‌ಟ್ಯೂಬಿಂಗನ್ ಕೋಟೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಫೋಗಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕ ದಂತದ ಕುದುರೆ ಇದೆ. ಸುಮಾರು 5 ಸೆಂಟಿಮೀಟರ್ ಉದ್ದ, ಮಗುವಿನ ಅಂಗೈಯಲ್ಲಿ ಕೂರುವಷ್ಟು. ಮ್ಯಾಮತ್ ದಂತದಲ್ಲಿ ಕೆತ್ತಿದ್ದು, ವಯಸ್ಸು 35,000 ವರ್ಷಕ್ಕೂ ಹೆಚ್ಚು, ಬಾಗಿದ ಕತ್ತು ಇವತ್ತಿಗೂ ಎಷ್ಟು ನುಣುಪು! ಅದೇ ಕೋಟೆಯ ಹಳೇ ಅಡುಗೆಮನೆಯ ಪ್ರಯೋಗಾಲಯದಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಶರ್ ನ್ಯೂಕ್ಲಿಯಿನ್ ಬೇರ್ಪಡಿಸಿದ್ದು, ಇಂದು ನಾವು ಡಿಎನ್‌ಎ ಅನ್ನುವುದರ ಮೊದಲ ಹೆಸರು ಅದು. ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ!

ಈಜು ಕಲಿಸುವುದಿದ್ದರೆ ಊರಿಗೆ ಬಂದ ವಾರವೇ ಹೆಸರು ಬರೆಸಿ, ಮಕ್ಕಳ ತರಗತಿಗಳು ಬೇಗ ತುಂಬುತ್ತವೆ. ಮೊದಲ ಬ್ಯಾಡ್ಜ್ ಝೇಫೇರ್ಡ್‌ಖನ್, ಅಂದರೆ ಕಡಲ್ಗುದುರೆ. ಅಂಚಿನಿಂದ ಹಾರಿ 25 ಮೀಟರ್ ಈಜಬೇಕು, ಭುಜದಾಳದ ನೀರಿನಿಂದ ಕೈಯಲ್ಲಿ ವಸ್ತು ಎತ್ತಬೇಕು.

ನೀಲಿಕೊಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶಾಲೆಯ ವ್ಯಾಪ್ತಿ ತಲೆಗೇ ಹೊಳೆದಿರಲಿಲ್ಲ. ಭಾನುವಾರದ ಬಗ್ಗೆ ಯಾರಾದರೂ ಹೇಳಿ. ನೆಕ್ಕರ್ ನದಿಯ ಉದ್ದ ದೋಣಿಗಳ ಬಗ್ಗೆಯೂ.

ನದಿಬದಿ:

ಭಾನುವಾರ ಬೇಸರವಲ್ಲ ಸರ್, ಆದರೆ ಶನಿವಾರವೇ ತಯಾರಿ ಬೇಕು. ದಿನಸಿ ಶನಿವಾರ ಸಂಜೆಯೊಳಗೆ ತಂದಿಡಿ. ತಾಜಾ ತರಕಾರಿಗೆ ಮಾರುಕಟ್ಟೆ ಚೌಕದ ಸಂತೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ. ಪುರಭವನದ ಮೇಲೆ 1511ರ ಖಗೋಳ ಗಡಿಯಾರ ಇದೆ, ಮಗಳಿಗೆ ತೋರಿಸಿ. ಭಾನುವಾರ ಗೋಡೆ ಕೊರೆಯುವುದು, ಹುಲ್ಲು ಕತ್ತರಿಸುವ ಯಂತ್ರ, ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವುದು, ಮೂರೂ ಬೇಡ. ಕರಾರಿನಲ್ಲಿ ಕೇರ್‌ವೋಖೆ ಅಂತ ಇದ್ದರೆ ನಿಮ್ಮ ಸರದಿಯ ವಾರ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ನಿಮ್ಮದು. ಶ್ವಾಬಿಯಾದಲ್ಲಿ, ಅಂದರೆ ಈ ಸೀಮೆಯಲ್ಲಿ, ಅದನ್ನು ಹಗುರವಾಗಿ ಕಾಣುವುದಿಲ್ಲ.

ಹೊರಗೆ ತಿನ್ನುವುದಾದರೆ ನಿಮ್ಮದೇ ಡಬ್ಬಿ ಒಯ್ಯಿರಿ. 2022ರ ಜನವರಿ 1ರಿಂದ ಊರಿನಲ್ಲಿ ಪೊಟ್ಟಣ ತೆರಿಗೆ ಇದೆ. ಬಳಸಿ ಬಿಸಾಡುವ ಲೋಟಕ್ಕೋ ಡಬ್ಬಿಗೋ 50 ಸೆಂಟ್, ಚಮಚಕ್ಕೆ 20. ತೆರಿಗೆ ಅಂಗಡಿಯ ಮೇಲೆ, ಆದರೆ ಕೊನೆಗೆ ನಿಮ್ಮ ಬಿಲ್ಲಿನಲ್ಲೇ ಕಾಣುತ್ತದೆ. ಸಂವಿಧಾನ ನ್ಯಾಯಾಲಯ 2025ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು, ನನ್ನ ಪ್ರಕಾರ ಸರಿಯಾಗಿಯೇ ಮಾಡಿತು.

ದೂರ ಹೋಗುವುದಿದ್ದರೆ ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ತಿಂಗಳ ಪಾಸು, 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಪ್ರಾದೇಶಿಕ ರೈಲು, ಬಸ್ಸಿಗೆ ಸಾಕು, ದೂರದೂರಿನ ವೇಗದ ರೈಲು ಐಸಿಇಗೆ ಆಗದು. ರದ್ದು ಮಾಡುವುದಾದರೆ ತಿಂಗಳ 10ನೇ ತಾರೀಖಿನೊಳಗೆ ಮಾಡಿ, ತಪ್ಪಿದರೆ ಮುಂದಿನ ತಿಂಗಳಿನದೂ ಕಡಿತವಾಗುತ್ತದೆ. ಮಗಳಿಗೆ ಆರು ತುಂಬಿರುವುದರಿಂದ ಅವಳಿಗೂ ಟಿಕೆಟ್ ಬೇಕು. ಹೊಹೆನ್‌ಝೋಲರ್ನ್ ಕೋಟೆಗೆ ಹೆಖಿಂಗನ್‌ವರೆಗೆ ರೈಲು. ಬಾಡ್ ಉರಾಖ್‌ನ 37 ಮೀಟರ್ ಜಲಪಾತಕ್ಕೆ ಮೆಟ್ಸಿಂಗನ್‌ನಲ್ಲಿ ರೈಲು ಬದಲಾಯಿಸಿ.

ದೋಣಿಯ ಹೆಸರು ಶ್ಟೋಖರ್‌ಕಾನ್. ತಳ ಚಪ್ಪಟೆ, ಹುಟ್ಟು ಹಾಕುವುದಿಲ್ಲ. ಹಿಂದೆ ನಿಂತವರು ಉದ್ದ ಗಳುವನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ, ನೀರಿನಲ್ಲಿ ಎಳೆದುಕೊಂಡೇ ದಿಕ್ಕು ತಿದ್ದುತ್ತಾರೆ. ಹೊಸಬರು ಎಡವುವುದು ಕೆಸರಿನಲ್ಲಿ ಗಳು ಸಿಕ್ಕಿಕೊಂಡಾಗ. ದೋಣಿ ಮುಂದೆ ಹೋಗುತ್ತಿರುತ್ತದೆ, ಅವರು ಗಳುವನ್ನು ಬಿಡುವುದಿಲ್ಲ, ನೀರಿಗೆ ಬೀಳುತ್ತಾರೆ. ಆ ಕ್ಷಣ ಗಳು ಬಿಟ್ಟುಬಿಡಬೇಕು. ಮೊದಲ ಸಲ ನಡೆಸುವವರಿರುವ ದೋಣಿಯಲ್ಲೇ ಕೂತು ಬನ್ನಿ, ಹ್ಯೋಲ್ಡರ್ಲಿನ್ ಗೋಪುರದ ಹತ್ತಿರ ಹತ್ತಬಹುದು. ಕವಿ ಹ್ಯೋಲ್ಡರ್ಲಿನ್ 1807ರಿಂದ 1843ರವರೆಗೆ ಬದುಕಿದ್ದು ಆ ಹಳದಿ ಗೋಪುರದಲ್ಲೇ. ದೋಣಿಗಳು ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ, ಸೆಪ್ಟೆಂಬರಿಗೆ ಬಂದರೆ ತಡಮಾಡಬೇಡಿ.

ವರ್ಷಕ್ಕೊಮ್ಮೆ ಫ್ರೋನ್‌ಲೈಖ್‌ನಾಮ್ ಹಬ್ಬದ ದಿನ ದೋಣಿ ಓಟ ಇರುತ್ತದೆ, 2027ರಲ್ಲಿ ಅದು ಮೇ 27. ಸೋತ ತಂಡದ ಒಬ್ಬೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ನೆಕ್ಕರ್ ಸೇತುವೆಯ ಕಂಬದ ಹತ್ತಿರ ಎಲ್ಲ ದೋಣಿಗಳೂ ಇಕ್ಕಟ್ಟಿನಲ್ಲಿ ತಿರುಗಬೇಕು, ನೂಕುನುಗ್ಗಲೆಲ್ಲ ಅಲ್ಲಿ. ಮಗಳನ್ನು ಕರೆದುಕೊಂಡು ಬೇಗ ಹೋಗಿ, ನದಿಯ ನಡುವಿನ ದ್ವೀಪದ ತುದಿಯಲ್ಲಿ ಸೇತುವೆ ಕಾಣುವಂತೆ ಜಾಗ ಹಿಡಿಯಿರಿ.