ನ್ಯೂಯಾರ್ಕ್ ಫೆಡರಲ್ ಕೋರ್ಟಿಗೆ ಸ್ಪಾನ್ಸರ್ ಹುಡುಕೋದು ಹೇಗೆ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ವಕೀಲೆ. ಅಲ್ಲಿನ ಫೆಡರಲ್ ಕೋರ್ಟಿನಲ್ಲೂ ನೋಂದಣಿ ಇದೆ. ಈಗ ನ್ಯೂಯಾರ್ಕಿನ ಸದರ್ನ್ ಡಿಸ್ಟ್ರಿಕ್ಟ್ ಫೆಡರಲ್ ಕೋರ್ಟಿನಲ್ಲೂ ವಕೀಲಿಕೆ ಮಾಡೋಕೆ ನೋಂದಣಿಗೆ ಅರ್ಜಿ ಹಾಕಬೇಕು. ನನ್ನನ್ನು ಎಷ್ಟು ಕಾಲದಿಂದ ಬಲ್ಲರು, ನನ್ನ ನಡತೆ ಹೇಗೆ ಅಂತ ಆ ಕೋರ್ಟಿನಲ್ಲಿ ಈಗಾಗಲೇ ನೋಂದಣಿ ಇರುವ ವಕೀಲರೊಬ್ಬರು ಸ್ಪಾನ್ಸರ್ ಆಗಿ ಅಫಿಡವಿಟ್ ಕೊಡಬೇಕು. ಒಬ್ಬಳೇ ಪ್ರಾಕ್ಟೀಸ್ ಮಾಡ್ತೀನಿ, ಯಾರನ್ನು ಕೇಳಲಿ?

ಉತ್ತರ 1: ಮೊದಲು ಲಾ ಸ್ಕೂಲ್ ಗೆಳೆಯರನ್ನು ಕೇಳಿ. ನನಗೆ ಸಹಿ ಹಾಕಿದ್ದು ಹಿಂದೆ ಒಂದು ಕೇಸಿನಲ್ಲಿ ಎದುರು ಪಕ್ಷದ ವಕೀಲರಾಗಿದ್ದವರು. ಕೇಳೋಕೆ ತುಂಬಾ ಸಂಕೋಚ ಆಗಿತ್ತು, ಅವರು ಮಾತ್ರ ಅದೇ ಸಂಜೆ ಸಹಿ ಮಾಡಿ ಕಳಿಸಿದರು.

ಉತ್ತರ 2: ಗುರುತೇ ಇಲ್ಲದವರಿಂದ ಸುಮ್ನೆ ಸಹಿ ಹಾಕಿಸಬೇಡಿ. ಅದು ಪ್ರಮಾಣ ಮಾಡಿ ಹೇಳುವ ಮಾತು ಅಲ್ವಾ? ಒಂದೇ ಕೇಸ್ ಇದ್ದರೆ ಪ್ರೊ ಹ್ಯಾಕ್ ವೈಸ್ (ಆ ಕೇಸಿಗೆ ಮಾತ್ರ ಅನುಮತಿ) ಅರ್ಜಿ ನೋಡಿ.

ಉತ್ತರ 3: ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನೋಂದಣಿಯ ಯೋಚನೆ ಇದ್ದರೆ ಅಲ್ಲಿ ಇಬ್ಬರು ಸ್ಪಾನ್ಸರ್ ಬೇಕು, ಸಂಬಂಧಿಕರು ಆಗುವಂತಿಲ್ಲ.